ಪೆನ್‌ಬರಿ ಗ್ರಾಮಕ್ಕೆ ಆರತಿ

ಕ್ಯಾಂಪ್‌ಬೆಲ್ ಎಂಬ ಊರಿನ ಹೆಸರಿನಲ್ಲಿ ಬೆಲ್ ಇತ್ತು, ಬೆಲ್ಲ ಇರಲಿಲ್ಲ. ಬೆಲ್ಲ ಬೇಕೆಂದರೆ ಫ್ರೀವೇ ಹತ್ತಿ ಸನ್ನಿವೇಲ್‌ನ ಇಂಡಿಯನ್ ಗ್ರೋಸರಿಗೆ ಹೋಗಬೇಕು; ಅಲ್ಲಿ ಅದು ಹಡಗಿನ ಪ್ರಯಾಣದ ಸುಸ್ತಿಗೆ ಕಲ್ಲಾಗಿ ಕೂತಿರುತ್ತಿತ್ತು. ಇಂಥ ಊರಿನಲ್ಲಿ ಮೈಥಿಲಿ ಏಳು ವರ್ಷ ನವರಾತ್ರಿ ಮಾಡಿದ್ದಳು, ಅದೂ ಬರೀ ಎರಡೇ ಎರಡು ಗೊಂಬೆಗಳನ್ನು ಇಟ್ಟುಕೊಂಡು.

ಅವಳು ಮೈಸೂರಿನ ಲಕ್ಷ್ಮೀಪುರದ ಹುಡುಗಿ. ಅವಳಮ್ಮ ಗೊಂಬೆ ಕೂರಿಸಿದರೆ ನೋಡಲು ಬೀದಿಯ ಆಚೆ ತುದಿಯಿಂದ ಮಕ್ಕಳು ಬರುತ್ತಿದ್ದರು. ದಶಾವತಾರ, ಅಂಗಡಿಯಿಟ್ಟ ಶೆಟ್ಟಿ ಶೆಟ್ಟಮ್ಮ, ಅಂಬಾರಿಯ ಆನೆ, ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ಕೆಳಗೆ ರಾಗಿಪೈರಿನ ಪುಟ್ಟ ತೋಟದಲ್ಲಿ ಮುಗಿಯುತ್ತಿದ್ದವು. ಮದುವೆಯಲ್ಲಿ ಅಮ್ಮ ಮಗಳಿಗೆ ಕೊಟ್ಟಿದ್ದು ಪಟ್ಟದ ಗೊಂಬೆಯ ಜೋಡಿ: ಅರ್ಧ ಗೇಣುದ್ದದ, ಕೆಂಪು ಮರದ ರಾಜ ರಾಣಿ. ಜೊತೆಗೆ ಎರಡು ಅಪ್ಪಣೆ. ಎಲ್ಲೇ ಇದ್ದರೂ ವರ್ಷಾವರ್ಷ ಕೂರಿಸಬೇಕು. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು.

ಮೊದಲನೆಯದನ್ನು ಅವಳು ಪಾಲಿಸಿದ್ದಳು. ರಾಜ ರಾಣಿ ಪ್ರತಿ ವರ್ಷ ಟೀವಿಯ ಮೇಲೆ, ಆಂಟೆನಾದ ಎರಡು ಕೊಂಬಿನ ನಡುವೆ ದರ್ಬಾರು ನಡೆಸುತ್ತಿದ್ದರು. ಎರಡನೆಯದೇ ಕಷ್ಟ. ಅಮೆರಿಕದಲ್ಲಿ ಗೊಂಬೆಗೇನು ಬರವಿಲ್ಲ, ಆದರೆ ಪಟ್ಟದ ಗೊಂಬೆಯ ಪಕ್ಕ ನಿಲ್ಲಿಸಬಹುದಾದ ಗೊಂಬೆಗೆ ಬರ. ಒಂದು ವರ್ಷ ಮಗಳು ಇಂದುವಿನ ಹೊಂಬಣ್ಣದ ಕೂದಲಿನ ಪ್ಲಾಸ್ಟಿಕ್ ಸುಂದರಿಗೆ ಕುಂಕುಮವಿಟ್ಟು ದಾಸಿ ಮಾಡಿ ನಿಲ್ಲಿಸಿದ್ದಳು. ದಾಸಿ ರಾಣಿಗಿಂತ ಎರಡು ಪಾಲು ಎತ್ತರವಾಗಿದ್ದಳು, ಮೇಲಾಗಿ ಹೈ ಹೀಲ್ಸ್ ಬೇರೆ. ರಾಜ ರಾಣಿ ಇದ್ದರು, ರಾಜ್ಯ ಇರಲಿಲ್ಲ. ಈ ಕೊರತೆ ಮೈಥಿಲಿಯನ್ನು ಎಷ್ಟು ಬಾಧಿಸುತ್ತಿತ್ತೆಂದು ಬೇರೆಯವರಿಗೆ ಗೊತ್ತಿರಲಿಲ್ಲ. ಅರ್ಧ ದಿನ ಡೇಕೇರ್‌ನಲ್ಲಿ ಊರ ಮಕ್ಕಳ ಮೂಗು ಒರೆಸಿ, ಉಳಿದರ್ಧ ದಿನ ಮನೆ ನೋಡಿಕೊಳ್ಳುವ ಹೆಂಗಸು ಇಂಥದ್ದನ್ನು ಯಾರ ಹತ್ತಿರ ಹೇಳಿಕೊಂಡಾಳು?

ರಾಜ್ಯ ಸಿಕ್ಕಿದ್ದು ಗರಾಜ್ ಸೇಲಿನಲ್ಲಿ. ಹೆಸರಿನಲ್ಲೇ ರಾಜನಿದ್ದಾನಲ್ಲ, ಸಿಗದೆ ಇನ್ನೇನು. ಅದು ಎಂಬತ್ತೈದನೆಯ ಇಸವಿಯ ಬೇಸಿಗೆ. ಶನಿವಾರ ಬೆಳಿಗ್ಗೆ ಲಾಸ್ ಆಲ್ಟೋಸಿನ ದೊಡ್ಡವರ ಮನೆಗಳ ಮುಂದೆ ಕಾರು ನಿಲ್ಲಿಸಿ ಅವರು ಬೇಡವೆಂದಿದ್ದನ್ನು ಬೇಕೆನ್ನುವುದು ಆಗಿನ ನಮ್ಮವರ ವಾರದ ತೀರ್ಥಯಾತ್ರೆ. ಮೈಥಿಲಿಯ ಗಂಡ ಶೇಷಾದ್ರಿ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯ ಎಂಜಿನಿಯರ್. ಅವರ ಗರಾಜಿನ ಕಸ ನಮ್ಮ ಗರಾಜಿಗೆ ಸಾಗಿಸೋದಕ್ಕೆ ನಾವೇ ಕೂಲಿ, ನಾವೇ ದುಡ್ಡು ಕೊಡೋರು ಎಂದು ಗೊಣಗುತ್ತಲೇ ಅವನು ಕಾರು ಓಡಿಸುತ್ತಿದ್ದ.

ಅಂಥದೊಂದು ಮನೆಯ ಮುಂದೆ ಎರಡು ಹಣ್ಣಿನ ಪೆಟ್ಟಿಗೆಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಒಂದು ಊರು ಇತ್ತು. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಇಂಗ್ಲೆಂಡಿನ ಹಳ್ಳಿ. ಕುಳ್ಳ ಗೋಪುರದ ಚರ್ಚು, ಹುಲ್ಲು ಹೊದಿಸಿದ ಮನೆಗಳು, ಕಮಾನಿನ ಸೇತುವೆ, ಬೀಡಾಡಿ ದನಗಳನ್ನು ಕೂಡುವ ಗೋಡೆ ಕಟ್ಟಿದ ದೊಡ್ಡಿ, ಕುಂಟು ನರಿಯ ಚಿತ್ರ ತೂಗಿದ ಒಂದು ಛತ್ರ, ಚಕ್ರವಿಲ್ಲದ ನೀರುಗಿರಣಿ. ಒಂದೊಂದರ ಅಡಿಯಲ್ಲೂ ಪೆನ್ಸಿಲ್ಲಿನಲ್ಲಿ 'ಲಿಟಲ್ ಪೆನ್‌ಬರಿ' ಎಂದು ಬರೆದಿತ್ತು. ಪೆನ್ನೂ ಇದೆ, ಬರಿ ಎಂಬ ಅಪ್ಪಣೆಯೂ ಇದೆ, ಆದರೂ ಪೆನ್ಸಿಲ್ಲಿನಲ್ಲಿ ಬರೆದಿದ್ದಾರಲ್ಲ ಎಂದು ಮೈಥಿಲಿಗೆ ನಗು ಬಂತು.

ನಗುತ್ತಲೇ ಅವಳು ಪೆಟ್ಟಿಗೆಯ ಮುಂದೆ ಕುಕ್ಕರಿಸಿದಳು. ಈ ಊರು ಅವಳಿಗೆ ಗೊತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಪಾಠವೆಲ್ಲ ಇಂಥ ಊರಿನದೇ. ಲಿಂಗಾಂಬುಧಿ ಕೆರೆ ನೋಡುವ ಮೊದಲೇ ಅವಳಿಗೆ ಬ್ರೂಕು ಗೊತ್ತಿತ್ತು, ಹೆಡ್ಜು ಗೊತ್ತಿತ್ತು. ಸ್ಟೈಲು ಎಂದರೆ ಬೇಲಿ ದಾಟಲು ಇಟ್ಟ ಮೆಟ್ಟಿಲು ಎಂದು ತಿಳಿಯುವವರೆಗೆ, ಇಂಗ್ಲೆಂಡಿನ ರೈತರು ಬೇಲಿಯನ್ನೂ ಸ್ಟೈಲಾಗಿಯೇ ದಾಟುತ್ತಾರೆ ಎಂದುಕೊಂಡಿದ್ದಳು. ಕಂಡಿರದಿದ್ದರೂ ಬಾಯಿಪಾಠವಿದ್ದ ಊರು ಈಗ ಹಣ್ಣಿನ ಪೆಟ್ಟಿಗೆಯಲ್ಲಿ ಎದುರಿಗಿತ್ತು. ಮಾರಲು ಕೂತಿದ್ದ ಕ್ಯಾರಲ್ ಎಂಬ ನಡುವಯಸ್ಸಿನ ಹೆಂಗಸು, ಅಮ್ಮನ ಮನೆ ಖಾಲಿ ಮಾಡುತ್ತಿದ್ದೇನೆ, ಎರಡೂ ಪೆಟ್ಟಿಗೆ ಒಟ್ಟಿಗೆ ತೆಗೆದುಕೊಂಡು ಹೋಗಿ ಎಂದಳು. ಗಿರಣಿಯ ಚಕ್ರ ಎಲ್ಲಾದರೂ ಸಿಕ್ಕಿದರೆ ತಿಳಿಸಿ ಎಂದು ಮೈಥಿಲಿ ತನ್ನ ಫೋನ್ ನಂಬರು ಕೊಟ್ಟು ಬಂದಳು.

ಆ ಅಕ್ಟೋಬರಿನಲ್ಲಿ ಅವಳ ಮನೆಯ ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಶೇಷಾದ್ರಿಯ ಬಿಳಿ ಪಂಚೆ ಹಾಸಿ ಐದು ಮೆಟ್ಟಿಲು ಎದ್ದವು. ತುದಿಯಲ್ಲಿ ಕಲಶ. ಅದರ ಕೆಳಗೆ ರಾಜ ರಾಣಿ, ಈ ಸಲ ಬಯಲಿನಲ್ಲಲ್ಲ. ಪೆಟ್ಟಿಗೆಯಲ್ಲಿ ನಾಲ್ಕು ಕಂಬಗಳ ಮೇಲೆ ಇಳಿಜಾರು ಸೂರಿದ್ದ ಮುದ್ದಾದ ಒಂದು ಮಂಟಪ ಸಿಕ್ಕಿತ್ತು, ಅದರಡಿಯೂ ಊರಿನ ಹೆಸರಷ್ಟೇ ಇತ್ತು, ಅದೇನೆಂದು ಬರೆದಿರಲಿಲ್ಲ. ಅಳತೆ ಕೊಟ್ಟು ಮಾಡಿಸಿದಂತೆ ಜೋಡಿ ಅದರಲ್ಲಿ ಕೂತಿತು. ಇದಕ್ಕಿಂತ ಒಳ್ಳೆಯ ಸಿಂಹಾಸನ ಇನ್ನೆಲ್ಲಿ? ಕೆಳಗಿನ ಮೆಟ್ಟಿಲುಗಳಲ್ಲಿ ಚರ್ಚು, ಛತ್ರ, ಮನೆಗಳು. ನೆಲದ ಮೇಲೆ ಅಲ್ಯುಮಿನಿಯಂ ಹಾಳೆಯ ಹೊಳೆ, ಸೇತುವೆ, ಗಿರಣಿ, ತಟ್ಟೆಗಳಲ್ಲಿ ಮೊಳೆಯಿಸಿದ ಸಾಸಿವೆಯ ಹಸಿರು ಹುಲ್ಲುಗಾವಲು. ಒಂದು ಸಣ್ಣ ಕಂಬದಂಥ ಕಲ್ಲು ಉಳಿದಿತ್ತು. ಕಲ್ಲೆಂದರೂ ಅದೂ ಮರವೇ, ಬೂದು ಬಣ್ಣ ಬಳಿದದ್ದು. ಅದನ್ನು ನಾಗರಕಲ್ಲಿನಂತೆ ಒಂದು ಗಿಡದ ಟೊಂಗೆಯ ಬುಡದಲ್ಲಿ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ದಿನಾ ಒಂದು ಹೂವು ಇಡತೊಡಗಿದಳು.

ಮೌಂಟನ್ ವ್ಯೂನಿಂದ ಆರತಿಗೆ ಬಂದ ಗೆಳತಿ ರಮಾ ಬಾಗಿಲಲ್ಲೇ ನಿಂತು ನೋಡಿ, ಕೆನ್ನೆಗೆ ಕೈ ಹಚ್ಚಿದಳು.

"ಏನ್ರೀ ಮೈಥಿಲಿ, ಅವರು ಹೋಗಿ ನಲವತ್ತು ವರ್ಷ ಆಗ್ತಾ ಬಂತು. ಮತ್ತೆ ಕರ್ಕೊಂಡು ಬಂದು ಮೆಟ್ಟಿಲು ಹಾಕಿ ಕೂರಿಸಿದ್ದೀರಲ್ಲ?"

"ಕೂರಿಸಿದ್ದೀನಿ, ಆದ್ರೆ ನಮ್ಮ ರಾಜನ ಕಾಲ ಕೆಳಗೆ ಕೂರಿಸಿದ್ದೀನಿ ನೋಡಿ," ಎಂದಳು ಮೈಥಿಲಿ.

ಹಬ್ಬದ ಮೊದಲ ಮೂರು ದಿನ ಅವಳಷ್ಟು ಸುಖಿ ಇಡೀ ಊರಿನಲ್ಲಿ ಇರಲಿಲ್ಲ. ಮಕ್ಕಳು ಬಂದರು, ಕೊಬ್ಬರಿಮಿಠಾಯಿ ತಿಂದರು, ಇಂದು ತನ್ನ ಸ್ನೇಹಿತೆಯರಿಗೆ ಇಂಗ್ಲಿಷಿನಲ್ಲಿ ಊರು ತೋರಿಸಿದಳು. ನಾಲ್ಕನೆಯ ದಿನ ಕ್ಯಾರಲ್‌ಳ ಫೋನು ಬಂತು. ಚಕ್ರ ಸಿಕ್ಕಿರಬೇಕೆಂದು ಮೈಥಿಲಿ ಹಿಗ್ಗಿದಳು. ಚಕ್ರ ಸಿಕ್ಕಿತ್ತು ನಿಜ. ಅದು ಸಿಕ್ಕಿದ್ದು ಕ್ಯಾರಲ್‌ಳ ಅಮ್ಮನ ಕೈಚೀಲದಲ್ಲಿ. ಅಮ್ಮ ಮಿಸೆಸ್ ಪ್ರೌಟ್‌ಗೆ ಎಂಬತ್ತೊಂದು ವರ್ಷ, ಲಾಸ್ ಆಲ್ಟೋಸಿನಲ್ಲೇ ವಯಸ್ಸಾದವರ ಅಪಾರ್ಟ್‌ಮೆಂಟಿಗೆ ಸ್ಥಳ ಬದಲಿಸಿದ್ದರು. ಊರನ್ನು ಮಗಳು ಜೋಪಾನವಾಗಿ ಕಟ್ಟಿಟ್ಟಿದ್ದಾಳೆ ಎಂದೇ ನಂಬಿದ್ದರು. ಮಾರಿದ್ದು ಗೊತ್ತಾದ ಮೇಲೆ ಮಗಳ ಜೊತೆ ಮಾತು ಬಿಟ್ಟಿದ್ದರು. ದುಡ್ಡು ವಾಪಸ್ಸು ಕೊಡುತ್ತೇನೆ, ಸಂಜೆ ಬಂದು ತೆಗೆದುಕೊಂಡು ಹೋಗಲೇ ಎಂದಳು ಕ್ಯಾರಲ್.

ಮೈಥಿಲಿಗೆ ಮೊದಲು ತೋಚಿದ್ದು ಒಂದೇ. ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮೊದಲು ಕದಲಿಸುವಂತಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆಚೆ ಕಡೆ ಸ್ವಲ್ಪ ಗಲಿಬಿಲಿಯಾಯಿತು; ನಂತರ ಫೋನಿನಲ್ಲಿ ಬೇರೊಂದು ದನಿ, ಸಾಣೆ ಹಿಡಿದಂಥ ಇಂಗ್ಲಿಷು. ನನ್ನ ಊರು ನಿಮ್ಮ ಮನೆಯಲ್ಲಿ ಕೂತಿದೆ ಎಂದರೆ ಏನು ಅರ್ಥ ಎಂದು ಆ ದನಿ ಕೇಳಿತು. ಮೈಥಿಲಿ ವಿವರಿಸುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಬೇಡ, ನಾನೇ ಬಂದು ನೋಡುತ್ತೇನೆ ಎಂದಿತು.

ಸೇಲಾದ ಮೇಲೆ ಸೇಲೇ, ಕೊಡಬೇಕಾದ್ದಿಲ್ಲ ಎಂದ ಶೇಷಾದ್ರಿ. ಅದು ಮೈಥಿಲಿಗೂ ಗೊತ್ತಿತ್ತು. ಆದರೆ ಒಬ್ಬರ ಊರನ್ನು ಅವರಿಗೆ ತಿಳಿಯದ ಹಾಗೆ ಕೊಂಡುಬಂದು ತನ್ನ ರಾಜನಿಗೆ ರಾಜ್ಯ ಮಾಡಿಕೊಟ್ಟಿದ್ದೇನೆ ಎಂಬುದೂ ಗೊತ್ತಾಗಿಹೋಗಿತ್ತಲ್ಲ. ಏಳು ವರ್ಷ ಕಾದು ಸಿಕ್ಕಿದ ಊರು. ಮುಂದಿನ ವರ್ಷ ಮತ್ತೆ ಟೀವಿಯ ಮೇಲೆ ಎರಡೇ ಗೊಂಬೆ. ಒಗ್ಗರಣೆ ಹಾಕುತ್ತ ಅವಳು ಎರಡು ಸಲ ಸಾಸಿವೆ ಸೀಯಿಸಿದಳು.

ಮಾರನೆಯ ಸಂಜೆ ಬಂದ ಮಿಸೆಸ್ ಪ್ರೌಟ್ ಸಣಕಲು ಮೈಯ, ನೆಟ್ಟಗಿನ ಹೆಂಗಸು. ಕೈಯಲ್ಲಿ ಕೋಲು. ಬಾಗಿಲಲ್ಲಿ ಆ ದನಿ ಗುಡ್ ಈವ್ನಿಂಗ್ ಎಂದಿತೋ ಇಲ್ಲವೋ, ಮೈಥಿಲಿಯ ಬೆನ್ನು ತಾನಾಗಿ ಸೆಟೆದು, ಎರಡು ಕೈ ಹಿಂದಕ್ಕೆ ಹೋಗಿ, ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೆ ಹೇಳುವ ರಾಗದಲ್ಲಿ "ಗುಡ್ ಈವ್ನಿಂಗ್ ಸಿಸ್ಟರ್" ಎಂಬುದು ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಸಿಸ್ಟರ್ ಅನ್ನು ಹೇಗೋ ನುಂಗಿ ಮಿಸೆಸ್ ಪ್ರೌಟ್ ಅಂದಳು.

ಮುದುಕಿ ಮೆಟ್ಟಿಲುಗಳ ಎದುರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಕೋಲೆತ್ತಿ ತಪ್ಪು ತಿದ್ದತೊಡಗಿದರು. ಗಿರಣಿ ಸೇತುವೆಗಿಂತ ಮೇಲಿರಬೇಕು, ಕೆಳಗಲ್ಲ. ದನದ ದೊಡ್ಡಿ ಚರ್ಚಿನ ಬಾಗಿಲಿಗೆ ಇರಲಿಲ್ಲ, ಪಾದ್ರಿ ಒಪ್ಪುತ್ತಿರಲಿಲ್ಲ. ಕುಂಟುನರಿಯ ಮುಂದೆ ಬಾಳೆಹಣ್ಣು ಏಕಿಟ್ಟಿದ್ದೀರಿ? ಛತ್ರಕ್ಕೆ ನೈವೇದ್ಯ ಎಂದಳು ಮೈಥಿಲಿ. ಅದು ಹೆಂಡದಂಗಡಿ, ಅಲ್ಲಿಗೆ ಹೋದವರು ಯಾರೂ ಹಣ್ಣು ತಿಂದಿದ್ದನ್ನು ನಾನು ನೋಡಿಲ್ಲ ಎಂದರು ಮಿಸೆಸ್ ಪ್ರೌಟ್.

ಬಾಳೆಹಣ್ಣು ಎತ್ತುವುದು ಸುಲಭ. ಗಿರಣಿಯನ್ನು ಎತ್ತುವಂತಿಲ್ಲ. ನಿಯಮ ನಿಯಮವೇ ಎಂದು ಮೈಥಿಲಿ ವಿನಯದಿಂದ, ಆದರೆ ಬಗ್ಗದೆ ಹೇಳಿದಳು. ಹೊಳೆ ಹೀಗೆ ಹರಿದರೆ ಚಕ್ರ ತಿರುಗುವುದಿಲ್ಲ ಎಂದು ಮಿಸೆಸ್ ಪ್ರೌಟ್ ಕೈಚೀಲದಿಂದ ಚಕ್ರ ತೆಗೆದು ತೋರಿಸಿದರು. ಕೊನೆಗೆ ಮೈಥಿಲಿ ಸೀರೆ ಎತ್ತಿ ಸಿಕ್ಕಿಸಿ, ನೆಲದ ಮೇಲೆ ಕೂತು, ಅಲ್ಯುಮಿನಿಯಂ ಹಾಳೆಯನ್ನು ಮಡಿಸಿ ತಿರುಗಿಸಿ, ಹೊಳೆಯನ್ನೇ ಹಿಂದುಮುಂದಾಗಿ ಹರಿಸಿದಳು. ಹೊಳೆ ಗೊಂಬೆಯಲ್ಲವಲ್ಲ, ಅದನ್ನು ಕದಲಿಸಿದರೆ ದೋಷವಿಲ್ಲ. ಗಿರಣಿ ಕೂತಲ್ಲೇ ಕೂತು ಸೇತುವೆಗಿಂತ ಮೇಲಾಯಿತು. ಮಿಸೆಸ್ ಪ್ರೌಟ್ ಮೊದಲ ಸಲ ನಕ್ಕರು.

ಆಮೇಲೆ ಊರಿನ ಕಥೆ ಬಂತು. ಅವರು ಹದಿನೆಂಟಕ್ಕೆ ಪೆನ್‌ಬರಿ ಬಿಟ್ಟವರು, ಮತ್ತೆ ಹೋಗಲೇ ಇಲ್ಲ. ಲಾಸ್ ಆಲ್ಟೋಸಿನ ಏಪ್ರಿಕಾಟ್ ತೋಟದಲ್ಲಿ ದುಡಿಯುತ್ತಿದ್ದ ಹ್ಯಾರಿಯನ್ನು ಮದುವೆಯಾದರು. ತೋಟ ಕಡಿದು ಮನೆಗಳೆದ್ದಾಗ ಹ್ಯಾರಿ ದಿಮ್ಮಿಗಳನ್ನು ಮನೆಗೆ ತಂದ. ಹೆಂಡತಿ ಹೇಳಿದ್ದನ್ನು ಕೇಳಿ ಕೇಳಿ ಕೆತ್ತಿದ. ಅವನೂ ಪೆನ್‌ಬರಿಯನ್ನು ಕಂಡವನಲ್ಲ. ಹಿಂದೆಂದೋ ಬಿರುಗಾಳಿಗೆ ಚರ್ಚಿನ ಎತ್ತರದ ಗೋಪುರ ಉರುಳಿ ಪಾದ್ರಿಯ ಕೋಸಿನ ಮಡಿಯ ಮೇಲೆ ಬಿದ್ದಿತಂತೆ. ಊರವರು ಅದೇ ಕಲ್ಲುಗಳಿಂದ ತಾವೇ ಮತ್ತೆ ಕಟ್ಟಿದರಂತೆ. ಒಂದಷ್ಟು ಕಲ್ಲು ಅಷ್ಟರಲ್ಲಿ ಯಾರ್ಯಾರದೋ ಹಂದಿಗೂಡಿಗೆ ಸೇರಿಹೋಗಿದ್ದರಿಂದ ಗೋಪುರ ಕುಳ್ಳಾಗಿ ಮುಗಿಯಿತಂತೆ.

ಕೋಲು ಕೊನೆಗೆ ರಾಜ ರಾಣಿಯ ಕಡೆ ತಿರುಗಿತು. ಅವರು ಲಿಚ್‌ಗೇಟಿನಲ್ಲಿ ಏನು ಮಾಡುತ್ತಿದ್ದಾರೆ? ಹಾಗೆಂದರೇನೆಂದು ಮೈಥಿಲಿ ಕೇಳಿದಳು. ಕಾನ್ವೆಂಟಿನ ಪುಸ್ತಕದಲ್ಲಿ ಅದೊಂದು ಇರಲಿಲ್ಲ.

"ಚರ್ಚಿನ ಹೊರಬಾಗಿಲು," ಎಂದರು ಮಿಸೆಸ್ ಪ್ರೌಟ್. "ಮಣ್ಣು ಮಾಡಲು ತಂದ ಹೆಣವನ್ನು ಪಾದ್ರಿ ಬರುವವರೆಗೆ ಅದರಡಿ ಇಳಿಸಿಡುತ್ತಿದ್ದರು."

ಮೈಥಿಲಿಯ ಕೈ ಮಂಟಪದವರೆಗೂ ಹೋಗಿ ಹಿಂದಕ್ಕೆ ಬಂತು. ನವರಾತ್ರಿಯಲ್ಲಿ, ಅಮ್ಮ ಕೊಟ್ಟ ಪಟ್ಟದ ಗೊಂಬೆಯನ್ನು, ಐದು ದಿನದಿಂದ ಹೆಣ ಇಳಿಸುವ ಜಾಗದಲ್ಲಿ ಕೂರಿಸಿ ಆರತಿ ಎತ್ತಿದ್ದಾಳೆ. ಈಗ ಎತ್ತುವಂತಿಲ್ಲ, ಬಿಡುವಂತಿಲ್ಲ. ಅವಳ ಕಣ್ಣು ತುಂಬಿದ್ದನ್ನು ನೋಡಿ ಮುದುಕಿ ಕೋಲು ಕೆಳಗಿಟ್ಟರು. ಪೂರ್ತಿ ಕೇಳು ಎಂದರು. ಮದುವೆಯ ದಿನವೂ ಅದೇ ಬಾಗಿಲು. ಹೆಣ್ಣು ಗಂಡು ಚರ್ಚಿನಿಂದ ಹೊರಗೆ ಬರುವಾಗ ಊರ ಮಕ್ಕಳು ಬಾಗಿಲಿಗೆ ಹಗ್ಗ ಕಟ್ಟಿ ತಡೆಯುತ್ತಿದ್ದರು. ಗಂಡು ಕಾಸು ಎಸೆದರೆ ಮಾತ್ರ ದಾರಿ. ನನ್ನ ಅಕ್ಕನನ್ನೂ ಹಾಗೇ ತಡೆದಿದ್ದೆವು.

ಮೈಥಿಲಿ ಸೆರಗಿನಿಂದ ಮೂಗು ಒರೆಸಿಕೊಂಡಳು. ತನ್ನ ಮದುವೆಯಲ್ಲಿ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವವರೆಗೂ ಒಳಗೆ ಬಿಡದಿದ್ದದ್ದು ನೆನಪಾಯಿತು. ಶೇಷಾದ್ರಿ ಮೈಥಿಲಿ ಎನ್ನಲು ಅರ್ಧ ಗಂಟೆ ತೆಗೆದುಕೊಂಡಿದ್ದ.

"ಹಾಗಾದ್ರೆ ನಮ್ಮ ರಾಜ ರಾಣಿ ಕಾಸು ಎಸೆಯೋಕ್ಕೆ ಒಪ್ಪದೆ ಅಲ್ಲೇ ನಿಂತುಬಿಟ್ಟಿದ್ದಾರೆ ಅಂದ್ಕೋತೀನಿ," ಎಂದಳು.

"ರಾಜರು ಹಾಗೇ. ಕೈಬಿಗಿ," ಎಂದರು ಮಿಸೆಸ್ ಪ್ರೌಟ್.

ಎದ್ದು ಹೊರಡುವಾಗ ಅವರು ಹುಲ್ಲುಗಾವಲಿನ ಅಂಚಿನಲ್ಲಿ ನಿಂತರು. ಬಗ್ಗಿ ನೋಡಿದರು. ಅರಿಸಿನ ಕುಂಕುಮ ಮೆತ್ತಿದ್ದ ಆ ಸಣ್ಣ ಕಂಬದ ಬುಡದಲ್ಲಿ ಅಂದಿನ ಚೆಂಡುಹೂವು, ಅದರಡಿ ನಿನ್ನೆಯದು ಬಾಡಿದ್ದು. ಇದನ್ನು ಏನೆಂದುಕೊಂಡೆ ಎಂದು ಕೇಳಿದರು. ದೇವರ ಕಲ್ಲು ಎಂದಳು ಮೈಥಿಲಿ. ಮತ್ತೇನು ತಪ್ಪಾಗಿದೆಯೋ ಎಂದು ಅವಳ ದನಿ ಸಣ್ಣಗಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ಕಲ್ಲು ಅದು. ಕುಂಕುಮದ ಅಡಿಯಲ್ಲಿ ಹ್ಯಾರಿ ಇರುವೆಯಂಥ ಅಕ್ಷರಗಳಲ್ಲಿ ಹೆಸರು ಬರೆದಿದ್ದ.

"ಎಲ್ಲಕ್ಕಿಂತ ಮೇಲಿರೋದು ಆರ್ಥರ್," ಎಂದರು ಮಿಸೆಸ್ ಪ್ರೌಟ್. "ನನ್ನ ಅಣ್ಣ."

ಅದನ್ನು ಒರೆಸಿಬಿಡಲೇ ಎಂದು ಮೈಥಿಲಿ ಕೇಳಿದಳು. ಮುದುಕಿ ಆಗಲೇ ಕಾರಿನ ಕಡೆ ನಡೆದಿದ್ದರು. ವೀರಗಲ್ಲು, ಎಂದಿತು ಮೈಥಿಲಿಯ ಮನಸ್ಸು. ನಮ್ಮೂರ ಬದಿಯಲ್ಲೂ ಇರುತ್ತವಲ್ಲ. ಒರೆಸಲಿಲ್ಲ. ಮಾರನೆಯ ಬೆಳಿಗ್ಗೆ ಎರಡು ಹೂವು ಇಟ್ಟಳು.

ದಶಮಿಯವರೆಗೆ ಮಿಸೆಸ್ ಪ್ರೌಟ್ ಪ್ರತಿ ಸಂಜೆ ಬಂದರು. ಕ್ಯಾರಲ್ ಕರೆತಂದು ಬಿಡುತ್ತಿದ್ದಳು; ಅಮ್ಮ ಮಗಳ ನಡುವೆ ಮಾತು ಶುರುವಾಗಿತ್ತು, ಬೈಗುಳದ ರೂಪದಲ್ಲಿ. ಬಂದ ಮಕ್ಕಳಿಗೆ ಮಿಸೆಸ್ ಪ್ರೌಟ್ ಗೋಪುರ ಬಿದ್ದ ಕಥೆ ಹೇಳಿದರು. ರಮಾ ಮಾಡಿ ತಂದ ಕಡಲೆಕಾಳಿನ ಉಸಲಿಯನ್ನು ಅನುಮಾನದಿಂದ ಒಂದು ಕಾಳು, ಆಮೇಲೆ ಒಂದು ಬಟ್ಟಲು ತಿಂದರು. ಊರನ್ನು ಹಿಂದಿರುಗಿಸುವ ವಿಚಾರ ಅವರೂ ಎತ್ತಲಿಲ್ಲ, ಮೈಥಿಲಿಯೂ ಎತ್ತಲಿಲ್ಲ. ಆದರೆ ಹಣ್ಣಿನ ಪೆಟ್ಟಿಗೆಗಳೆರಡನ್ನೂ ಅವಳು ಗರಾಜಿನಿಂದ ತಂದು, ಒರೆಸಿ, ತಳಕ್ಕೆ ಮೆತ್ತಗಿನ ಹಳೆಯ ಸೀರೆ ಹಾಸಿ ಸಿದ್ಧವಿಟ್ಟಳು. ಕೊಡಬೇಕು ಎಂದು ನಿರ್ಧರಿಸಿಯಾಗಿತ್ತು. ಕೊಡುವಾಗ ಅಳಬಾರದು ಎಂಬುದಷ್ಟೇ ಬಾಕಿ.

ವಿಜಯದಶಮಿಯ ಸಂಜೆ ಕೊನೆಯ ಆರತಿಯಾಯಿತು. ಕ್ಯಾರಲ್ ಕಾರಿನ ಡಿಕ್ಕಿ ತೆರೆದಿಟ್ಟು ಬಂದಿದ್ದಳು. ಬಂದ ಹೆಂಗಸರಿಗೆಲ್ಲ ಕುಂಕುಮ ಕೊಡುತ್ತ ಮೈಥಿಲಿ ಮಿಸೆಸ್ ಪ್ರೌಟ್‌ರ ಎದುರು ಒಂದು ಕ್ಷಣ ತಡೆದಳು. ಹ್ಯಾರಿ ಹೋಗಿ ಬಹಳ ಕಾಲವಾಗಿತ್ತು. ಲಕ್ಷ್ಮೀಪುರದಲ್ಲಾದರೆ ಅಲ್ಲಿಗೆ ತಟ್ಟೆ ಮುಂದಕ್ಕೆ ಹೋಗಿಬಿಡುತ್ತಿತ್ತು. ರಮಾ ನೋಡುತ್ತಿದ್ದಳು. ಮೈಥಿಲಿ ಬಟ್ಟಲು ಚಾಚಿದಳು. ಮಿಸೆಸ್ ಪ್ರೌಟ್ ಹೆಬ್ಬೆರಳಿಗೆ ಕುಂಕುಮ ತೆಗೆದುಕೊಂಡು, ಕೋಲೂರಿ ನಿಧಾನವಾಗಿ ಬಗ್ಗಿ, ಆರ್ಥರ್‌ನ ಕಲ್ಲಿಗೆ ಹಚ್ಚಿದರು.

ನಂತರ ಮೈಥಿಲಿ ರಾಜ ರಾಣಿಯನ್ನು ಅವರ ಬಾಗಿಲಿನಿಂದ ಬಿಡಿಸಿ ಪಕ್ಕಕ್ಕೆ ಮಲಗಿಸಿದಳು. ಗೊಂಬೆ ಮಲಗಿದರೆ ಹಬ್ಬ ಮುಗಿದಂತೆ, ಇನ್ನು ಏನನ್ನು ಬೇಕಾದರೂ ಎತ್ತಬಹುದು. ಮೊದಲು ಚರ್ಚನ್ನು ಎತ್ತಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದಳು. ಎರಡನೆಯದಕ್ಕೆ ಕೈ ಹಾಕಿದಾಗ ಮಿಸೆಸ್ ಪ್ರೌಟ್ ಸಾಕು ಎಂದರು.

"ನನ್ನ ರೂಮಿನ ಕಿಟಕಿಯಲ್ಲಿ ಚರ್ಚು ಹಿಡಿಯುತ್ತೆ. ಇಡೀ ಊರು ಹಿಡಿಯಲ್ಲ. ಆರ್ಥರ್ ಇಲ್ಲೇ ಇರಲಿ. ನಮ್ಮೂರಲ್ಲಿ ಅವನಿಗೆ ವರ್ಷಕ್ಕೊಂದು ದಿನ ಹೂವು ಇಡ್ತಿದ್ರು, ನವೆಂಬರಿನಲ್ಲಿ, ಮಳೆಯಲ್ಲಿ."

ಮೈಥಿಲಿಗೆ ಥ್ಯಾಂಕ್ಸ್ ಎನ್ನುವುದೂ ಮರೆತುಹೋಯಿತು. ಚರ್ಚಿಲ್ಲದೆ ಮುಂದಿನ ವರ್ಷ ಊರು ಕೂರಿಸುವುದು ಹೇಗೆ ಎಂದು ಕೇಳಿದಳು.

"ಅದನ್ನ ನಾನು ತರ್ತೀನಿ. ಹಬ್ಬಕ್ಕೆ. ಗಿರಣಿ ಸೇತುವೆಗಿಂತ ಮೇಲಿದ್ರೆ ಮಾತ್ರ."

ಆಚೆ ಮೂಲೆಯಲ್ಲಿ ಶೇಷಾದ್ರಿ ರಮಾಳ ಗಂಡನಿಗೆ, ಹೆಣ್ಣುಮಕ್ಕಳು ಹಬ್ಬಕ್ಕೆ ತವರಿಗೆ ಬರೋದು ಕೇಳಿದ್ದೆ, ಚರ್ಚು ಬರೋದು ಕೇಳಿರಲಿಲ್ಲ ಎನ್ನುತ್ತಿದ್ದ. ಆದರೆ ಬಂತು. ಪ್ರತಿ ನವರಾತ್ರಿಯ ಮೊದಲ ದಿನ ಕ್ಯಾರಲ್‌ಳ ಕಾರಿನ ಮುಂದಿನ ಸೀಟಿನಲ್ಲಿ, ಮಿಸೆಸ್ ಪ್ರೌಟ್‌ರ ತೊಡೆಯ ಮೇಲೆ, ಸೀಟ್‌ಬೆಲ್ಟಿನೊಳಗೆ ಬರುತ್ತಿತ್ತು. ದಶಮಿಗೆ ಮಡಿಲಲ್ಲೇ ಹಿಂದಿರುಗುತ್ತಿತ್ತು.

ಎಂಬತ್ತೊಂಬತ್ತರಲ್ಲಿ ಹಬ್ಬ ಮುಗಿದ ವಾರಕ್ಕೇ ದೊಡ್ಡ ಭೂಕಂಪವಾಯಿತು. ಕ್ಯಾಂಪ್‌ಬೆಲ್ಲಿನ ಮನೆಯಲ್ಲಿ ಬೀರುವಿನ ಪಾತ್ರೆಗಳೆಲ್ಲ ನೆಲಕ್ಕಿಳಿದವು, ಟೀವಿ ಬಿತ್ತು. ಗರಾಜಿನಲ್ಲಿ ಸೀರೆ ಹೊದ್ದು ಮಲಗಿದ್ದ ಪೆನ್‌ಬರಿಗೆ ಎಚ್ಚರವಾಗಲಿಲ್ಲ. ಮಾರನೆಯ ದಿನ ಫೋನಿನ ಲೈನು ಸಿಕ್ಕಿದಾಗ ಮಿಸೆಸ್ ಪ್ರೌಟ್ ಮೊದಲು ಕೇಳಿದ್ದು ಆರ್ಥರ್‌ನ ಬಗ್ಗೆ. ಅವನು ಹಾಯಾಗಿದ್ದಾನೆ ಎಂದಳು ಮೈಥಿಲಿ. ನೀವು? ನಾನು ಗಟ್ಟಿ, ಆದರೆ ಕಿಟಕಿಯಿಂದ ಚರ್ಚು ಬಿತ್ತು, ಗೋಪುರ ಮುರಿದಿದೆ ಎಂದರು.

ಹೀಗೆ ಮೈಥಿಲಿ ಒಂದು ಚರ್ಚಿನ ಜೀರ್ಣೋದ್ಧಾರಕ್ಕೆ ಗೋಂದಿನ ಬಾಟಲಿ ಹಿಡಿದು ಲಾಸ್ ಆಲ್ಟೋಸಿಗೆ ಹೊರಟಳು. ಊಟದ ಮೇಜಿನ ಮೇಲೆ ಚೂರುಗಳನ್ನು ಹರಡಿಕೊಂಡು ಇಬ್ಬರೂ ಜೋಡಿಸಿದರು. ಒಂದು ಚೂರು ಎಷ್ಟು ಹುಡುಕಿದರೂ ಸಿಗಲಿಲ್ಲ. ಸೋಫಾದ ಕೆಳಗೂ ಇರಲಿಲ್ಲ. ಅದಿಲ್ಲದೆ ಅಂಟಿಸಿದರೆ ಗೋಪುರ ಇನ್ನಷ್ಟು ಗಿಡ್ಡವಾಗುತ್ತದೆ, ಬೇರೆ ಮರದ ತುಂಡು ತಂದು ಸೇರಿಸಲೇ ಎಂದು ಮೈಥಿಲಿ ಕೇಳಿದಳು.

"ಬೇಡ, ಹಾಗೇ ಅಂಟಿಸು," ಎಂದರು ಮಿಸೆಸ್ ಪ್ರೌಟ್, ಗೋಂದು ಒಣಗುವವರೆಗೆ ಎರಡು ಕೈಯಲ್ಲೂ ಗೋಪುರವನ್ನು ಒತ್ತಿ ಹಿಡಿಯುತ್ತ. "ನಮ್ಮೂರಿಗೆ ಇದು ಅಭ್ಯಾಸ ಇದೆ."